ಒಂದು, ಎರಡು, ಮೂರು: ವಾಲ್ಟ್ಸ್ ಮತ್ತು ಜನಪ್ರಿಯ ಹಾಡನ್ನು ಕೇಳಿ ಬರೆಯುವ ಪಾಠ



ಒಂದು ಹಾಡು ಹೇಗಿದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೊಡುವುದು ಎರಡೇ ಉತ್ತರ: ‘ಸೂಪರ್’ ಅಥವಾ ‘ಬೋರ್’. ಯಾಕೆ ಎಂದು ಮತ್ತೆ ಕೇಳಿದರೆ ಮಾತು ನಿಂತುಹೋಗುತ್ತದೆ. ಭಾಷಾ ಪರೀಕ್ಷೆಯಲ್ಲಿ ಒಂದು ಪದ್ಯದ ಬಗ್ಗೆ ಎರಡು ಪುಟ ಬರೆಯುವ ನಾವು, ದಿನವೂ ಕಿವಿಗೆ ಬೀಳುವ ಹಾಡಿನ ಬಗ್ಗೆ ಎರಡು ವಾಕ್ಯ ಬರೆಯಲು ತಡವರಿಸುತ್ತೇವೆ. ನಮಗೆ ಕಿವಿ ಇಲ್ಲ ಎಂದಲ್ಲ, ಕೇಳಿದ್ದನ್ನು ಹೇಳುವ ಕ್ರಮವನ್ನು ಯಾರೂ ಕಲಿಸಿಲ್ಲ.

ಈ ಕ್ರಮವನ್ನು ಶಾಲೆಯಲ್ಲೇ ಕಲಿಸುವ ದೇಶಗಳಿವೆ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ 14ನೇ ವಯಸ್ಸಿನವರೆಗೆ ಸಂಗೀತವೂ ಒಂದು ವಿಷಯ. ಆಮೇಲೆ ಬೇಕಾದವರು ಅದನ್ನು ಆರಿಸಿಕೊಂಡು 16ನೇ ವಯಸ್ಸಿನಲ್ಲಿ ಜಿಸಿಎಸ್‌ಇ ಪರೀಕ್ಷೆ ಬರೆಯಬಹುದು. ಅದರಲ್ಲಿ ಹಾಡುವುದು ಅಥವಾ ನುಡಿಸುವುದಕ್ಕೆ ಶೇ. 30, ಸ್ವಂತ ರಚನೆಗೆ ಶೇ. 30, ಕೇಳಿ ವಿಶ್ಲೇಷಿಸುವುದಕ್ಕೆ ಶೇ. 40 ಅಂಕ. ಅಂದರೆ ಅತಿ ಹೆಚ್ಚು ಅಂಕ ಇರುವುದು ಕೇಳಿಸಿಕೊಳ್ಳುವುದಕ್ಕೆ! ಅಲ್ಲಿನ ಎಡೆಕ್ಸೆಲ್ ಪರೀಕ್ಷಾ ಮಂಡಳಿಯು 2016ರಲ್ಲಿ ಜಾರಿಗೆ ತಂದ ಪಠ್ಯದಲ್ಲಿ ಬೀಥೋವನ್‌ನ ಪಿಯಾನೊ ಕೃತಿಯೂ ಇದೆ, ಕ್ವೀನ್ ಎಂಬ ರಾಕ್ ತಂಡದ 1974ರ ‘ಕಿಲ್ಲರ್ ಕ್ವೀನ್’ ಹಾಡೂ ಇದೆ. ಒಂದು ಮೇಲು, ಇನ್ನೊಂದು ಕೀಳು ಎಂಬ ಭೇದವಿಲ್ಲದೆ ಎರಡಕ್ಕೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ.

ಈ ಪಾಠದಲ್ಲಿ ನಾವೂ ಅದನ್ನೇ ಮಾಡೋಣ. ಹತ್ತೊಂಬತ್ತನೇ ಶತಮಾನದ ಯೂರೋಪಿನ ವಾಲ್ಟ್ಸ್ ಒಂದು ಕಡೆ, ಇಪ್ಪತ್ತನೇ ಶತಮಾನದ ಜನಪ್ರಿಯ ಹಾಡು ಇನ್ನೊಂದು ಕಡೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡೋಣ. ವಾದ್ಯ ನುಡಿಸಲು ಬರಬೇಕಿಲ್ಲ, ಸ್ವರಲಿಪಿ ಓದಲು ಬರಬೇಕಿಲ್ಲ. ಮೂರರವರೆಗೆ ಎಣಿಸಲು ಬಂದರೆ ಸಾಕು.

1. ಮೊದಲು ಎಣಿಸೋಣ

ಪಾಶ್ಚಾತ್ಯ ರಾಗದ ಒಂದೇ ಒಂದು ಹಾಡು ಬಾಯಿಪಾಠ ಬರುವುದಾದರೂ ಅದು ‘ಹ್ಯಾಪಿ ಬರ್ತ್‌ಡೇ ಟು ಯೂ’ ಆಗಿರುತ್ತದೆ. ಅದನ್ನು ಮನಸ್ಸಿನಲ್ಲೇ ಹಾಡಿಕೊಂಡು ಮೇಜಿನ ಮೇಲೆ ಬೆರಳು ಬಡಿಯಿರಿ. ನಾಲ್ಕು ನಾಲ್ಕು ಎಣಿಸಿದರೆ ಹಾಡು ಕೈತಪ್ಪುತ್ತದೆ. ಒಂದು-ಎರಡು-ಮೂರು, ಒಂದು-ಎರಡು-ಮೂರು ಎಂದು ಎಣಿಸಿದರೆ ಸರಿಯಾಗಿ ಕೂರುತ್ತದೆ. ಇದೇ ಮೂರರ ನಡೆ. ವಾಲ್ಟ್ಸ್‌ನ ಬೆನ್ನೆಲುಬು ಕೂಡ ಇದೇ.

ಇನ್ನೊಂದು ಅಂಶ ಗಮನಿಸಿ. ಹಾಡಿನ ಮೊದಲ ಪದ ‘ಒಂದು’ ಎಂಬ ಎಣಿಕೆಗೆ ಬೀಳುವುದಿಲ್ಲ. ಅದು ಹಿಂದಿನ ‘ಮೂರು’ ಇರುವ ಜಾಗದಲ್ಲೇ ಶುರುವಾಗುತ್ತದೆ. ಎರಡನೇ ಪದ ಬಂದಾಗ ‘ಒಂದು’ ಬೀಳುತ್ತದೆ. ನಮ್ಮ ಸಂಗೀತದಲ್ಲಿ ತಾಳದ ಆರಂಭಕ್ಕಿಂತ ಮುಂಚೆಯೋ ಆಮೇಲೋ ಹಾಡು ಎತ್ತಿಕೊಳ್ಳುವುದನ್ನು ‘ಎಡುಪು’ ಎನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ ವಿಚಾರ.

ಮೂರನೇ ಸಾಲಿನಲ್ಲಿ, ಹೆಸರು ಬರುವ ಸಾಲಿನಲ್ಲಿ, ರಾಗ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಪಂಚಮದಿಂದ ಮೇಲಿನ ಪಂಚಮಕ್ಕೆ, ಅಂದರೆ ಪೂರ್ತಿ ಒಂದು ಸ್ಥಾಯಿಯಷ್ಟು ಜಿಗಿತ. ಹುಟ್ಟುಹಬ್ಬದ ದಿನ ಎಲ್ಲರ ಧ್ವನಿಯೂ ಅಲ್ಲೇ ಒಡೆಯುವುದು ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಷ್ಟು ಹೇಳಿದರೆ ನೀವು ಆಗಲೇ ಒಂದು ಹಾಡನ್ನು ವಿಶ್ಲೇಷಿಸಿದ ಹಾಗಾಯಿತು: ನಡೆ ಯಾವುದು, ಎಲ್ಲಿ ಶುರು, ರಾಗ ಎಲ್ಲಿ ಹಾರುತ್ತದೆ, ಅದರಿಂದ ಆಗುವುದೇನು.

ಈ ರಾಗ ಹುಟ್ಟಿದ್ದು ತರಗತಿಗಾಗಿಯೇ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಪಟ್ಟಣದ ಮಿಲ್ಡ್ರೆಡ್ ಹಿಲ್ ಮತ್ತು ಪ್ಯಾಟಿ ಹಿಲ್ ಎಂಬ ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ನಮಸ್ಕಾರದ ಹಾಡಾಗಿ ಇದನ್ನು ಮಾಡಿದರು. 1893ರಲ್ಲಿ ಅದು ಪುಸ್ತಕದಲ್ಲಿ ಅಚ್ಚಾಯಿತು. ಹುಟ್ಟುಹಬ್ಬದ ಮಾತುಗಳು ಅದಕ್ಕೆ ಸೇರಿಕೊಂಡದ್ದು ಆಮೇಲೆ.

2. ವಾಲ್ಟ್ಸ್ ಬಂದ ದಾರಿ

‘ವಾಲ್ಟ್ಸ್’ ಎಂಬ ಹೆಸರು ಜರ್ಮನ್ ಭಾಷೆಯ ‘ವಾಲ್ಟ್ಸೆನ್’ ಎಂಬ ಕ್ರಿಯಾಪದದಿಂದ ಬಂದಿದೆ. ಉರುಳು, ತಿರುಗು ಎಂದು ಅದರ ಅರ್ಥ. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಮೂರರ ನಡೆಯಲ್ಲಿ ತಿರುಗುತ್ತಾ ಕುಣಿಯುವ ‘ಲೆಂಡ್ಲರ್’ ಮುಂತಾದ ಜನಪದ ಕುಣಿತಗಳಿದ್ದವು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಅವು ನಗರದ ನೃತ್ಯಶಾಲೆಗಳಿಗೆ ಬಂದು ವೇಗ ಪಡೆದುಕೊಂಡವು. ನೆಪೋಲಿಯನ್ ಕಾಲದ ಯುದ್ಧಗಳು ಮುಗಿಯುವ ವೇಳೆಗೆ, 1814–15ರಲ್ಲಿ, ಯೂರೋಪಿನ ರಾಜರೂ ಮಂತ್ರಿಗಳೂ ವಿಯೆನ್ನಾದಲ್ಲಿ ಸೇರಿದರು. ಅವರ ಸಂಜೆಗಳ ಮನರಂಜನೆಯಾಗಿದ್ದ ವಾಲ್ಟ್ಸ್ ಅವರೊಂದಿಗೇ ಬೇರೆ ದೇಶಗಳಿಗೂ ಹರಡಿತು.

ಅದನ್ನು ಎಲ್ಲರೂ ಸ್ವಾಗತಿಸಲಿಲ್ಲ. ಹಿಂದಿನ ದರ್ಬಾರಿ ನೃತ್ಯಗಳಲ್ಲಿ ಜೋಡಿಗಳು ಕೈಯಷ್ಟೇ ಹಿಡಿದು ದೂರ ನಿಲ್ಲುತ್ತಿದ್ದರು. ವಾಲ್ಟ್ಸ್‌ನಲ್ಲಿ ಎದುರುಬದುರಾಗಿ ಹಿಡಿದುಕೊಂಡು ತಿರುಗಬೇಕಿತ್ತು. 1816ರ ಜುಲೈಯಲ್ಲಿ ಇಂಗ್ಲೆಂಡಿನ ರಾಜಮನೆತನದ ಸಮಾರಂಭದಲ್ಲಿ ವಾಲ್ಟ್ಸ್ ನಡೆದಾಗ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಇದು ಸಭ್ಯತೆ ಮೀರಿದ ಪರದೇಶಿ ಕುಣಿತ ಎಂದು ಕಟುವಾಗಿ ಟೀಕಿಸಿತು. ಆ ಟೀಕೆಯ ಗುರಿ ಕುಣಿತದ ಭಂಗಿ, ರಾಗವಲ್ಲ. ಈ ವ್ಯತ್ಯಾಸ ನೆನಪಿಡಿ. ಒಂದು ಸಂಗೀತದ ಜೊತೆಗೆ ಬರುವ ಕುಣಿತ, ವೇಷ, ಸಂದರ್ಭಗಳ ಬಗ್ಗೆ ನಮಗೆ ನಮ್ಮದೇ ಅಭಿಪ್ರಾಯ ಇರಬಹುದು, ಇರಲಿ. ಆದರೆ ಆ ಅಭಿಪ್ರಾಯವನ್ನು ಸಂಗೀತದ ವಿಶ್ಲೇಷಣೆ ಎಂದು ಬರೆಯಲಾಗದು. ಅವು ಎರಡು ಬೇರೆ ಪ್ರಶ್ನೆಗಳು.

ವಿಯೆನ್ನಾದಲ್ಲಿ ವಾಲ್ಟ್ಸ್ ದೊಡ್ಡ ವ್ಯಾಪಾರವೂ ಆಯಿತು. ಜೋಸೆಫ್ ಲಾನರ್ ಮತ್ತು ಹಿರಿಯ ಯೋಹಾನ್ ಸ್ಟ್ರಾಸ್ ತಮ್ಮ ತಮ್ಮ ವಾದ್ಯವೃಂದಗಳನ್ನು ಕಟ್ಟಿಕೊಂಡು ನೃತ್ಯಶಾಲೆಗಳಲ್ಲಿ ನುಡಿಸಿದರು. ಹೊಸ ವಾಲ್ಟ್ಸ್ ಬಂತೆಂದರೆ ಅದರ ಪಿಯಾನೊ ಪ್ರತಿ ಅಚ್ಚಾಗಿ ಮನೆಮನೆಗೆ ಮಾರಾಟವಾಗುತ್ತಿತ್ತು. ಇಂದು ಹೊಸ ಸಿನಿಮಾದ ಹಾಡು ಬಿಡುಗಡೆಯಾದಂತೆಯೇ! ಹಿರಿಯ ಸ್ಟ್ರಾಸ್‌ಗೆ ತನ್ನ ಮಗ ಈ ವೃತ್ತಿಗೆ ಬರುವುದು ಇಷ್ಟವಿರಲಿಲ್ಲ, ಬ್ಯಾಂಕಿನ ಕೆಲಸಕ್ಕೆ ಹೋಗಲಿ ಎಂದು ಬಯಸಿದ್ದ. ಮಗ ಗುಟ್ಟಾಗಿ ಪಿಟೀಲು ಕಲಿತು, 1844ರ ಅಕ್ಟೋಬರ್‌ನಲ್ಲಿ, ಇನ್ನೂ 19 ತುಂಬುವ ಮೊದಲೇ, ಸ್ವಂತ ವಾದ್ಯವೃಂದದೊಂದಿಗೆ ವೇದಿಕೆ ಹತ್ತಿದ. ‘ವಾಲ್ಟ್ಸ್‌ನ ರಾಜ’ ಎಂದು ಹೆಸರಾದ ಕಿರಿಯ ಯೋಹಾನ್ ಸ್ಟ್ರಾಸ್ ಇವನೇ.

ಇವನ ‘ನೀಲಿ ಡ್ಯಾನ್ಯೂಬ್’ ಎಂಬ ವಾಲ್ಟ್ಸ್ ಇಂದು ಶಾಸ್ತ್ರೀಯ ಸಂಗೀತದ ಪಟ್ಟಿಯಲ್ಲಿ ಸೇರಿಹೋಗಿದೆ. ಆದರೆ 1867ರ ಫೆಬ್ರುವರಿ 15ರಂದು ವಿಯೆನ್ನಾದಲ್ಲಿ ಅದು ಮೊದಲು ಕೇಳಿಬಂದದ್ದು ಹಾಡಾಗಿ. ಪುರುಷರ ಗಾಯನ ಸಂಘವೊಂದು ಜೋಸೆಫ್ ವೈಲ್ ಬರೆದ ಲಘು ಹಾಸ್ಯದ ಮಾತುಗಳೊಂದಿಗೆ ಅದನ್ನು ಹಾಡಿತು. ಅದೇ ವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನದ ಕಾಲದಲ್ಲಿ ಮಾತಿಲ್ಲದ ವಾದ್ಯರೂಪ ಜನಮನ ಗೆದ್ದಿತು. ಹಾಗಾಗಿ ‘ವಾಲ್ಟ್ಸ್ ಎಂದರೆ ಗಂಭೀರ, ಹಾಡು ಎಂದರೆ ಹಗುರ’ ಎಂಬ ವಿಂಗಡಣೆ ಇಲ್ಲೇ ಕುಸಿಯುತ್ತದೆ. ವಾಲ್ಟ್ಸ್ ತನ್ನ ಕಾಲದ ಜನಪ್ರಿಯ ಸಂಗೀತವೇ ಆಗಿತ್ತು.

3. ಕೇಳಲೆಂದೇ ಬರೆದ ವಾಲ್ಟ್ಸ್

ರೊಮ್ಯಾಂಟಿಕ್ ಯುಗದ ಸಂಗೀತಗಾರರು ಈ ಕುಣಿತದ ಲಯವನ್ನು ತೆಗೆದುಕೊಂಡು ಕುಣಿಯಲು ಅಲ್ಲ, ಕುಳಿತು ಕೇಳಲು ಕೃತಿಗಳನ್ನು ಬರೆದರು. 1819ರಲ್ಲಿ ಕಾರ್ಲ್ ಮಾರಿಯಾ ಫಾನ್ ವೇಬರ್ ರಚಿಸಿದ ‘ನೃತ್ಯಕ್ಕೆ ಆಹ್ವಾನ’ ಇದಕ್ಕೆ ಮೊದಲ ದೊಡ್ಡ ಉದಾಹರಣೆ. ಅದು ನಿಧಾನವಾದ ಸಂಭಾಷಣೆಯಿಂದ ಶುರುವಾಗುತ್ತದೆ. ಮಂದ್ರದಲ್ಲಿ ಒಂದು ದನಿ ಕೇಳುತ್ತದೆ, ಮೇಲಿನ ಸ್ಥಾಯಿಯಲ್ಲಿ ಇನ್ನೊಂದು ದನಿ ಉತ್ತರಿಸುತ್ತದೆ. ಆಮೇಲೆ ವಾಲ್ಟ್ಸ್ ಜೋರಾಗಿ ನಡೆದು ಮುಗಿಯುತ್ತದೆ. ಮುಗಿಯಿತೆಂದು ಸಭಿಕರು ಚಪ್ಪಾಳೆ ತಟ್ಟುವಷ್ಟರಲ್ಲಿ ಮೊದಲಿನ ಮೆಲುಮಾತು ಮತ್ತೆ ಬರುತ್ತದೆ. ನಿಜವಾದ ಕೊನೆ ಅದು.

ನಮ್ಮ ಪಾಠಕ್ಕೆ ನಾನು ಆರಿಸಿರುವುದು ಪೋಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಫ್ರೆಡೆರಿಕ್ ಶೋಪಾನ್ 1847ರಲ್ಲಿ ಪ್ರಕಟಿಸಿದ ಒಂದು ವಾಲ್ಟ್ಸ್. ಸಂಖ್ಯೆ ಓಪಸ್ 64, ನಂಬರ್ 2. ಒಂದೇ ಪಿಯಾನೊ, ಸುಮಾರು ಮೂರೂವರೆ ನಿಮಿಷ. ಇದನ್ನು ನಾಲ್ಕು ಸಲ ಕೇಳಬೇಕು, ಪ್ರತಿ ಸಲ ಒಂದೇ ಒಂದು ಪ್ರಶ್ನೆಯೊಂದಿಗೆ. ಎಲ್ಲವನ್ನೂ ಒಮ್ಮೆಲೇ ಹಿಡಿಯಲು ಹೊರಟರೆ ಏನೂ ಸಿಗುವುದಿಲ್ಲ.

ಮೊದಲ ಸಲ: ನಡೆ. ಎಡಗೈ ಮಾಡುವ ಕೆಲಸವನ್ನಷ್ಟೇ ಕೇಳಿ. ‘ಒಂದು’ ಎಂಬಲ್ಲಿ ಒಂದು ತಗ್ಗಿನ ಸ್ವರ, ‘ಎರಡು’, ‘ಮೂರು’ ಎಂಬಲ್ಲಿ ಮೇಲಿನ ಕೆಲವು ಸ್ವರಗಳ ಗುಚ್ಛ. ‘ಧುಂ-ಚ-ಚ, ಧುಂ-ಚ-ಚ’ ಎಂದು ಬಾಯಲ್ಲಿ ಹೇಳಿಕೊಳ್ಳಬಹುದು. ವಾಲ್ಟ್ಸ್‌ನ ಗುರುತು ಇದು.

ಎರಡನೇ ಸಲ: ರಚನೆ. ಕಾಗದ, ಪೆನ್ನು ಹಿಡಿದು ಕುಳಿತುಕೊಳ್ಳಿ. ಹೊಸ ರಾಗ ಬಂದಾಗಲೆಲ್ಲ ಹೊಸ ಅಕ್ಷರ, ಹಳೆಯದು ಮರಳಿದರೆ ಹಳೆಯ ಅಕ್ಷರ. ಮೊದಲು ಬರುವ ವಿಷಾದದ, ಸ್ವಲ್ಪ ತಡೆದು ತಡೆದು ನಡೆಯುವ ರಾಗ ‘ಅ’. ನಂತರ ಬರುವ, ಎಳೆ ಬಿಚ್ಚಿದಂತೆ ಮೇಲಿನಿಂದ ಸುತ್ತಿಕೊಂಡು ಇಳಿಯುವ ವೇಗದ ರಾಗ ‘ಆ’. ನಡುವೆ ನಿಧಾನವಾಗಿ ಹಾಡಿನಂತೆ ಹರಿಯುವುದು ‘ಇ’. ಪೂರ್ತಿ ಬರೆದಾಗ ನಿಮ್ಮ ಹಾಳೆಯಲ್ಲಿ ಹೀಗೆ ಇರಬೇಕು: ಅ – ಆ – ಇ – ಆ – ಅ – ಆ.

ಈಗ ಆ ಸಾಲನ್ನು ನೋಡಿ. ಮೂರು ಸಲ ಬಂದಿರುವುದು ಯಾವುದು? ‘ಆ’. ಪ್ರತಿ ಭಾಗದ ನಂತರವೂ ಅದೇ ಮರಳುತ್ತದೆ, ಕೃತಿ ಮುಗಿಯುವುದೂ ಅದರಲ್ಲೇ. ನಮ್ಮ ಭಾಷೆಯಲ್ಲಿ ಅದಕ್ಕೆ ಪಲ್ಲವಿ ಎನ್ನಬಹುದು. ಉಳಿದವು ಚರಣಗಳಂತೆ. ಮಾತೇ ಇಲ್ಲದ ಪಿಯಾನೊ ಕೃತಿಯೊಳಗೆ ಹಾಡಿನ ಕಟ್ಟಡ ಇದೆ!

ಮೂರನೇ ಸಲ: ಬಣ್ಣ. ‘ಅ’ ಮತ್ತು ‘ಆ’ ಭಾಗಗಳು ಮೈನರ್ ಸ್ವರಶ್ರೇಣಿಯಲ್ಲಿವೆ, ‘ಇ’ ಭಾಗ ಮೇಜರ್‌ನಲ್ಲಿದೆ. ಷಡ್ಜ ಎರಡರಲ್ಲೂ ಪಿಯಾನೊದ ಅದೇ ಮನೆ. ಮುಖ್ಯವಾಗಿ ಬದಲಾಗುವುದು ಗಾಂಧಾರ. ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬಂದಂತೆ ಎಂದುಕೊಂಡರೆ ನಮ್ಮ ಕಿವಿಗೆ ಬೇಗ ತಿಳಿಯುತ್ತದೆ. ಮೋಡ ಸರಿದು ಬಿಸಿಲು ಬಂದಂತೆ ಅನಿಸಿದರೆ ಹಾಗೇ ಬರೆಯಿರಿ, ಆದರೆ ‘ಮೈನರ್‌ನಿಂದ ಮೇಜರ್‌ಗೆ ಹೋದದ್ದರಿಂದ’ ಎಂಬ ಕಾರಣವನ್ನೂ ಜೊತೆಗೆ ಬರೆಯಿರಿ.

ನಾಲ್ಕನೇ ಸಲ: ಸಂದರ್ಭ. ಇದಕ್ಕೆ ಕುಣಿಯಲು ಸಾಧ್ಯವೇ? ‘ಅ’ ಒಂದು ವೇಗ, ‘ಆ’ ಇನ್ನೊಂದು, ‘ಇ’ ಮತ್ತೊಂದು. ನುಡಿಸುವವರು ನಡುನಡುವೆ ಕಾಲವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಕುಣಿಯುವವರ ಕಾಲು ತೊಡರಿಬಿಡುತ್ತದೆ. ಇದು ಪ್ಯಾರಿಸ್ಸಿನ ಮನೆಗಳ ಬೈಠಕ್ಕಿಗೆ, ಹತ್ತಿಪ್ಪತ್ತು ಜನ ಹತ್ತಿರ ಕುಳಿತು ಕೇಳಲು ಮಾಡಿದ ಸಂಗೀತ. ಕುಣಿತ ಇಲ್ಲಿ ನೆನಪಾಗಿ ಉಳಿದಿದೆ.

4. ವಾಲ್ಟ್ಸ್ ಹಾಡಾಗಿ ಮಾರುಕಟ್ಟೆಗೆ ಬಂದಾಗ

ಈ ಶತಮಾನದ ಕೊನೆಯಲ್ಲಿ ವಾಲ್ಟ್ಸ್ ಅಟ್ಲಾಂಟಿಕ್ ದಾಟಿ ಅಮೆರಿಕದ ಹಾಡುಗಳ ಒಳಗೆ ಸೇರಿತ್ತು. ಚಾರ್ಲ್ಸ್ ಕೆ. ಹ್ಯಾರಿಸ್ ಬರೆದು 1892ರಲ್ಲಿ ಪ್ರಕಟಿಸಿದ ‘ಆಫ್ಟರ್ ದ ಬಾಲ್’ ಎಂಬ ಹಾಡು ಮೂರರ ನಡೆಯದ್ದು. ಆಗ ಧ್ವನಿಮುದ್ರಣ ಇನ್ನೂ ಬಾಲ್ಯದಲ್ಲಿತ್ತು. ಹಾಡು ಮಾರಾಟವಾಗುತ್ತಿದ್ದುದು ಅಚ್ಚಾದ ಸ್ವರಲಿಪಿಯ ರೂಪದಲ್ಲಿ. ಈ ಹಾಡಿನ ಪ್ರತಿಗಳು ಲಕ್ಷಲಕ್ಷ ಖರ್ಚಾದವು. 1893ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ಜಾನ್ ಫಿಲಿಪ್ ಸೂಸಾನ ಬ್ಯಾಂಡ್ ಅದನ್ನು ನುಡಿಸಿ ಇನ್ನಷ್ಟು ಪ್ರಸಿದ್ಧಿಗೆ ತಂದಿತು.

ಕತೆ ಹೀಗಿದೆ. ಪುಟ್ಟ ಹುಡುಗಿಯೊಬ್ಬಳು ಮುದುಕನ ತೊಡೆ ಏರಿ, ನಿಮಗೆ ಮನೆ ಮಕ್ಕಳು ಯಾಕಿಲ್ಲ ಎಂದು ಕೇಳುತ್ತಾಳೆ. ಅವನು ಹೇಳುತ್ತಾನೆ: ಯೌವನದಲ್ಲಿ ಒಂದು ಔತಣಕೂಟದಲ್ಲಿ ತಾನು ಮದುವೆಯಾಗಬೇಕಿದ್ದವಳಿಗೆ ನೀರು ತರಲು ಹೋಗಿದ್ದೆ, ಮರಳಿ ಬಂದಾಗ ಯಾರೋ ಯುವಕ ಅವಳನ್ನು ಮುದ್ದಿಸುತ್ತಿದ್ದ. ಕೈಯಲ್ಲಿದ್ದ ಲೋಟ ಬಿದ್ದು ಒಡೆಯಿತು. ಅವಳು ವಿವರಿಸಲು ಬಂದರೂ ಕೇಳಲಿಲ್ಲ, ಬಿಟ್ಟು ಬಂದುಬಿಟ್ಟೆ. ವರ್ಷಗಳ ನಂತರ, ಅವಳು ತೀರಿಕೊಂಡ ಮೇಲೆ, ಆ ಯುವಕನಿಂದ ಪತ್ರ ಬಂತು. ಅವನು ಅವಳ ಅಣ್ಣನಾಗಿದ್ದ.

ಚರಣಗಳಲ್ಲಿ ಕತೆ ಮುಂದೆ ಸಾಗುತ್ತದೆ, ಪ್ರತಿ ಚರಣದ ನಂತರ ಪಲ್ಲವಿ ಮರಳುತ್ತದೆ. ಪಲ್ಲವಿಯ ಮಾತು ಬದಲಾಗುವುದಿಲ್ಲ, ಬದಲಾಗುವುದು ಕೇಳುವವನು. ಮೊದಲ ಸಲ ಪಲ್ಲವಿ ಬಂದಾಗ ಕೂಟ ಮುಗಿದ ಮೇಲಿನ ಸಾಮಾನ್ಯ ಬೇಸರ ಎನಿಸುತ್ತದೆ. ಕತೆಯ ಕೊನೆಯಲ್ಲಿ ಅದೇ ಪಲ್ಲವಿ ಬಂದಾಗ ಗಂಟಲು ಕಟ್ಟುತ್ತದೆ. ಪಲ್ಲವಿಯ ಶಕ್ತಿ ಇರುವುದು ಇಲ್ಲೇ. ಇನ್ನು ಲಯ: ಕುಣಿತದ ಕೂಟದಲ್ಲಿ ಮುರಿದ ಬದುಕಿನ ಕತೆಯನ್ನು ಕುಣಿತದ ನಡೆಯಲ್ಲೇ ಹೇಳಿಸಿದ್ದಾನೆ. ಲಯಕ್ಕೂ ವಿಷಯಕ್ಕೂ ಇರುವ ಈ ನಂಟನ್ನು ಉತ್ತರದಲ್ಲಿ ಬರೆದರೆ ಅದು ಒಳ್ಳೆಯ ವಿಶ್ಲೇಷಣೆ.

5. ಒಂದು ಸಿನಿಮಾ ಹಾಡು

ಈಗ 1956ಕ್ಕೆ ಬರೋಣ. ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ‘ದ ಮ್ಯಾನ್ ಹೂ ನ್ಯೂ ಟೂ ಮಚ್’ ಚಿತ್ರಕ್ಕೆ ಜೇ ಲಿವಿಂಗ್‌ಸ್ಟನ್ ಮತ್ತು ರೇ ಇವಾನ್ಸ್ ರಚಿಸಿ ಡೋರಿಸ್ ಡೇ ಹಾಡಿದ ‘ಕೆ ಸರಾ ಸರಾ’. ಅತ್ಯುತ್ತಮ ಹಾಡಿಗೆ ಕೊಡುವ ಆಸ್ಕರ್ ಪ್ರಶಸ್ತಿ ಇದಕ್ಕೆ ಬಂತು. ಮೇಲಿನ ನಾಲ್ಕು ಪ್ರಶ್ನೆಗಳನ್ನೇ ಇಲ್ಲಿ ಕೇಳೋಣ.

ನಡೆ: ಬೆರಳು ಬಡಿಯಿರಿ. ಒಂದು-ಎರಡು-ಮೂರು. ವಾಲ್ಟ್ಸ್ ಇಲ್ಲಿಯೂ ಇದೆ.

ರಚನೆ: ಮೂರು ಚರಣ, ಪ್ರತಿಯೊಂದರ ನಂತರ ಒಂದೇ ಪಲ್ಲವಿ. ಮೊದಲ ಚರಣದಲ್ಲಿ ಪುಟ್ಟ ಹುಡುಗಿ ತಾಯಿಯನ್ನು ತನ್ನ ಮುಂದಿನ ಬದುಕಿನ ಬಗ್ಗೆ ಕೇಳುತ್ತಾಳೆ. ಎರಡನೆಯದರಲ್ಲಿ ಬೆಳೆದ ಹುಡುಗಿ ತನ್ನ ಪ್ರಿಯನನ್ನು ಕೇಳುತ್ತಾಳೆ. ಮೂರನೆಯದರಲ್ಲಿ ಅವಳ ಮಕ್ಕಳೇ ಅವಳನ್ನು ಕೇಳುತ್ತಾರೆ. ಉತ್ತರ ಮೂರು ಸಲವೂ ಪಲ್ಲವಿಯೇ: ಆಗುವುದು ಆಗುತ್ತದೆ, ನಾಳೆಯನ್ನು ಕಾಣಲು ನಮಗೆ ಸಾಧ್ಯವಿಲ್ಲ ಎಂಬ ಭಾವ. ಮಾತು ಒಂದೇ, ಆದರೆ ಮೊದಲ ಸಲ ಅದು ಮಗುವಿಗೆ ಹೇಳಿದ ಸಮಾಧಾನ, ಕೊನೆಯ ಸಲ ಬದುಕು ಕಂಡವಳ ಅನುಭವ. ಕೇಳಿದವಳೇ ಹೇಳುವವಳಾಗಿದ್ದಾಳೆ. ಮೂರು ಚರಣಗಳಲ್ಲಿ ಒಂದು ಸುತ್ತು ತಿರುಗಿ ಮುಗಿದಿದೆ. ವಾಲ್ಟ್ಸ್ ಎಂದರೆ ತಿರುಗುವುದು ತಾನೇ?

ಬಣ್ಣ: ಹಾಡು ಮೇಜರ್ ಸ್ವರಶ್ರೇಣಿಯದ್ದು. ರಾಗ ಸರಳ, ಸಾಲುಗಳು ಚಿಕ್ಕವು, ಒಮ್ಮೆ ಕೇಳಿದರೆ ಪಲ್ಲವಿ ನಾಲಿಗೆಗೆ ಬರುತ್ತದೆ. ಇದನ್ನು ದೋಷ ಎಂದು ಬರೆಯಬೇಡಿ. ಮನೆಯಲ್ಲಿ ತಾಯಿ ಮಗು ಒಟ್ಟಿಗೆ ಹಾಡುವ ಹಾಡು ಸರಳವಾಗಿಯೇ ಇರಬೇಕು. ಸಂಗೀತ ತನ್ನ ಕೆಲಸ ಮಾಡಿದೆಯೇ ಎಂಬುದು ಪ್ರಶ್ನೆ.

ಸಂದರ್ಭ: ಚಿತ್ರದಲ್ಲಿ ಈ ಹಾಡು ಮೊದಲು ಬರುವಾಗ ತಾಯಿ ತನ್ನ ಮಗನೊಂದಿಗೆ ಸಹಜವಾಗಿ, ಸಂತೋಷದಿಂದ ಹಾಡುತ್ತಾಳೆ. ಮುಂದೆ ಮಗನ ಅಪಹರಣವಾಗುತ್ತದೆ. ಅವನನ್ನು ಒಂದು ರಾಯಭಾರ ಕಚೇರಿಯ ಮಹಡಿಯಲ್ಲಿ ಬಚ್ಚಿಟ್ಟಿದ್ದಾರೆ. ಕೆಳಗಿನ ಸಭಾಂಗಣದಲ್ಲಿ ಅತಿಥಿಗಳ ನಡುವೆ ಪಿಯಾನೊ ಮುಂದೆ ಕುಳಿತ ತಾಯಿ ಅದೇ ಹಾಡನ್ನು ಎತ್ತರದ ದನಿಯಲ್ಲಿ, ಬೇಕೆಂದೇ ಜೋರಾಗಿ ಹಾಡುತ್ತಾಳೆ. ಅತಿಥಿಗಳಿಗೆ ಅದು ಮನರಂಜನೆ, ಅವಳಿಗೆ ಮಗನನ್ನು ಕೂಗಿ ಕರೆಯುವ ದಾರಿ. ಮೇಲಿನಿಂದ ಮಗ ಸಿಳ್ಳೆ ಹಾಕಿ ಉತ್ತರಿಸುತ್ತಾನೆ. ರಾಗ ಅದೇ, ಮಾತು ಅದೇ, ನಡೆ ಅದೇ. ದನಿಯ ಪ್ರಮಾಣ ಬದಲಾದದ್ದರಿಂದ ಅರ್ಥವೇ ಬದಲಾಯಿತು. ‘ಜೋರು, ಮೆಲು’ ಎಂಬ ಸಣ್ಣ ಸಂಗತಿಗೂ ಸಂಗೀತದ ಪಾಠದಲ್ಲಿ ಯಾಕೆ ಅಂಕ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

6. ಮೂರು ಇದ್ದರೆಲ್ಲ ವಾಲ್ಟ್ಸ್ ಅಲ್ಲ

ಇಲ್ಲಿ ಒಂದು ಎಚ್ಚರಿಕೆ. ಮೂರು ಎಣಿಸಿದ ಕೂಡಲೇ ವಾಲ್ಟ್ಸ್ ಎಂದು ಬರೆದರೆ ಅಂಕ ಹೋಗುತ್ತದೆ.

• ಮಿನುಯೆಟ್ ಕೂಡ ಮೂರರದ್ದೇ. ಆದರೆ ಅದು ಹಳೆಯ ದರ್ಬಾರಿ ನೃತ್ಯ, ನಡೆ ಗಂಭೀರ. ವಾಲ್ಟ್ಸ್‌ನ ‘ಧುಂ-ಚ-ಚ’ ಉರುಳು ಅದಕ್ಕಿಲ್ಲ.
• ಪೋಲೆಂಡಿನ ಮಜುರ್ಕಾ ಕೂಡ ಮೂರರದ್ದು. ಆದರೆ ಒತ್ತು ಆಗಾಗ ‘ಎರಡು’ ಅಥವಾ ‘ಮೂರು’ ಎಂಬಲ್ಲಿ ಬೀಳುತ್ತದೆ.
• ನಮ್ಮ ಹಿಂದೂಸ್ತಾನಿ ಸಂಗೀತದ ದಾದ್ರಾ ತಾಳಕ್ಕೆ ಆರು ಮಾತ್ರೆ, ಮೂರು ಮೂರರ ಎರಡು ಭಾಗ. ಎರಡನೇ ಭಾಗ ಖಾಲಿಯಿಂದ ಶುರುವಾಗುತ್ತದೆ. ವಾಲ್ಟ್ಸ್‌ನಲ್ಲಿ ಪ್ರತಿ ಮೂರರ ಮೊದಲ ಪೆಟ್ಟಿಗೂ ತಗ್ಗಿನ ಸ್ವರದ ಊರುಗೋಲು ಇರುತ್ತದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ರಷ್ಯಾದ ಚೈಕೋವ್‌ಸ್ಕಿ 1893ರ ತನ್ನ ಆರನೇ ಸಿಂಫನಿಯ ಎರಡನೇ ಭಾಗದಲ್ಲಿ ಐದರ ನಡೆಯನ್ನು ಇಟ್ಟ. ಎರಡು, ಮೂರು ಎಂದು ಎಣಿಸುತ್ತಾ ಹೋದರೆ ಸಿಗುತ್ತದೆ. ಮಾಧುರ್ಯವೆಲ್ಲ ವಾಲ್ಟ್ಸ್‌ನದ್ದೇ, ಆದರೆ ಒಂದು ಹೆಜ್ಜೆ ಕಡಿಮೆ ಬಿದ್ದಂತೆ. ಅದನ್ನು ‘ಕುಂಟುವ ವಾಲ್ಟ್ಸ್’ ಎಂದು ಕರೆಯುವುದುಂಟು. ಆ ಸಿಂಫನಿ ಮೊದಲ ಬಾರಿ ಕೇಳಿಬಂದ ಒಂಬತ್ತು ದಿನಗಳಿಗೆ ಚೈಕೋವ್‌ಸ್ಕಿ ತೀರಿಕೊಂಡ.

7. ಉತ್ತರ ಬರೆಯುವ ಬಗೆ

ಒಂದೇ ಪ್ರಶ್ನೆಗೆ ಎರಡು ಮಾದರಿ ಉತ್ತರ ನೋಡಿ. ಪ್ರಶ್ನೆ: ಶೋಪಾನ್‌ನ ವಾಲ್ಟ್ಸ್‌ನ ನಡುಭಾಗ ಉಳಿದ ಭಾಗಗಳಿಗಿಂತ ಹೇಗೆ ಭಿನ್ನ?

ಮೊದಲ ಉತ್ತರ: ‘ನಡುಭಾಗ ತುಂಬಾ ಸುಂದರವಾಗಿದೆ. ಕೇಳಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ. ಶೋಪಾನ್ ಮಹಾನ್ ಸಂಗೀತಗಾರ.’

ಎರಡನೇ ಉತ್ತರ: ‘ನಡುಭಾಗದ ವೇಗ ನಿಧಾನ. ಮೈನರ್ ಹೋಗಿ ಮೇಜರ್ ಬಂದಿದೆ. ಇದಕ್ಕೆ ಮೊದಲು ಬಲಗೈ ಬಿಡುವಿಲ್ಲದೆ ಓಡುತ್ತಿತ್ತು, ಇಲ್ಲಿ ದೀರ್ಘ ಸ್ವರಗಳಲ್ಲಿ ಹಾಡುತ್ತದೆ. ಆದ್ದರಿಂದ ಓಟದ ನಂತರ ಕುಳಿತು ಉಸಿರು ತೆಗೆದುಕೊಂಡಂತೆ ಶಾಂತಿ ಸಿಗುತ್ತದೆ.’

ಮೊದಲ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೂರು ವಾಕ್ಯಗಳನ್ನು ಕೃತಿಯನ್ನು ಕೇಳದೆಯೇ ಬರೆಯಬಹುದು. ಎರಡನೆಯದನ್ನು ಕೇಳದೆ ಬರೆಯಲಾಗದು. ನಿಮ್ಮ ಉತ್ತರವನ್ನು ಪರೀಕ್ಷಿಸಲು ಈ ಒಂದು ಪ್ರಶ್ನೆ ಸಾಕು: ಇದನ್ನು ನಾನು ಕೇಳದೆಯೇ ಬರೆಯಬಹುದಿತ್ತೇ? ಹೌದು ಎಂದಾದರೆ ಹಾಳೆ ಬದಿಗಿಟ್ಟು ಮತ್ತೊಮ್ಮೆ ಕೇಳಿ.

ಎರಡನೇ ಉತ್ತರದಲ್ಲೂ ‘ಶಾಂತಿ’ ಎಂಬ ಅನಿಸಿಕೆ ಇದೆ ಎಂಬುದನ್ನು ಗಮನಿಸಿ. ಭಾವನೆಯನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಕೇಳಿದ್ದು ಮೊದಲು, ಅನಿಸಿದ್ದು ಆಮೇಲೆ, ಎರಡನ್ನೂ ಕೂಡಿಸಲು ನಡುವೆ ಒಂದು ‘ಆದ್ದರಿಂದ’. ಕ್ರಮ ಇಷ್ಟೇ.

8. ಅಭ್ಯಾಸಕ್ಕೆ

(1) ‘ನೀಲಿ ಡ್ಯಾನ್ಯೂಬ್’ ಕೇಳಿ. ಆರಂಭದಲ್ಲಿ ಪಿಟೀಲುಗಳ ಮೆಲ್ಲನೆಯ ನಡುಕ ಕೇಳಿಸುತ್ತದೆ. ಮೂರರ ನಡೆ ಸ್ಪಷ್ಟವಾಗಿ ಹಿಡಿಯುವುದು ಎಲ್ಲಿಂದ? ಸಮಯ ಗುರುತಿಸಿ. ಅಷ್ಟು ಹೊತ್ತು ಕಾಯಿಸಿದ್ದರಿಂದ ಆಗುವ ಪರಿಣಾಮವೇನು?

(2) ಹೆನ್ರಿ ಮಾನ್ಸಿನಿ ರಾಗ ಹಾಕಿದ ‘ಮೂನ್ ರಿವರ್’ (1961) ಹಾಡನ್ನು ನಟಿ ಆಡ್ರೆ ಹೆಪ್‌ಬರ್ನ್‌ರ ಧ್ವನಿಯ ಮಿತಿಗೆ ತಕ್ಕಂತೆ ಮಾಡಲಾಯಿತು. ಅದರ ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳನ್ನು ಗುನುಗಿ ನೋಡಿ. ತರಬೇತಿ ಇಲ್ಲದವರೂ ಇದನ್ನು ಹಾಡಬಲ್ಲರೇ? ನಡೆ ಯಾವುದು?

(3) ನಿಮಗೆ ಇಷ್ಟವಾದ ಒಂದು ಕನ್ನಡ ಅಥವಾ ಹಿಂದಿ ಹಾಡನ್ನು ಆರಿಸಿ. ಪಲ್ಲವಿ, ಚರಣ, ನಡುವಿನ ವಾದ್ಯಭಾಗಗಳಿಗೆ ಅಕ್ಷರ ಕೊಟ್ಟು ಅದರ ನಕ್ಷೆ ಬರೆಯಿರಿ. ಪಲ್ಲವಿ ಕೊನೆಯ ಸಲ ಬಂದಾಗ ಏನಾದರೂ ಬದಲಾಗಿದೆಯೇ?

(4) ನಿಮಗೆ ಇಷ್ಟವಿಲ್ಲದ ಒಂದು ಹಾಡನ್ನು ಆರಿಸಿ, ಇದೇ ನಾಲ್ಕು ಪ್ರಶ್ನೆಗಳೊಂದಿಗೆ ನಾಲ್ಕು ಸಲ ಕೇಳಿ ಹತ್ತು ವಾಕ್ಯ ಬರೆಯಿರಿ. ‘ಚೆನ್ನಾಗಿಲ್ಲ’ ಎಂಬ ಪದ ಬಳಸಬಾರದು. ನಾಲ್ಕರಲ್ಲಿ ಇದೇ ಕಷ್ಟದ್ದು, ಇದೇ ಮುಖ್ಯವಾದದ್ದು.

ಕೊನೆಯ ಪ್ರಶ್ನೆ ಮಾಡಿ ಮುಗಿಸಿದ ಮೇಲೆ ಆ ಹಾಡು ನಿಮಗೆ ಇಷ್ಟವಾಗಲೇಬೇಕೆಂದಿಲ್ಲ. ಯಾಕೆ ಇಷ್ಟವಾಗಲಿಲ್ಲ ಎಂದು ಹೇಳಲು ಬಂದರೆ ಸಾಕು. ‘ಆಫ್ಟರ್ ದ ಬಾಲ್’ ಹಾಡಿನ ಮುದುಕ ಒಂದು ನೋಟ ಕಂಡು ತೀರ್ಮಾನಿಸಿದ, ವಿವರಣೆಗೆ ಕಿವಿ ಕೊಡಲಿಲ್ಲ. ಹಾಡಿನ ವಿಷಯದಲ್ಲಾಗಲಿ, ಮನುಷ್ಯರ ವಿಷಯದಲ್ಲಾಗಲಿ, ಪೂರ್ತಿ ಕೇಳಿಸಿಕೊಂಡ ಮೇಲೆ ತೀರ್ಪು ಕೊಡುವ ಅಭ್ಯಾಸ ಒಳ್ಳೆಯದು. ಉತ್ತರಗಳನ್ನು ಬರೆದು ಗೆಳೆಯರೊಂದಿಗೆ ಅದಲುಬದಲು ಮಾಡಿಕೊಂಡು ಓದಿ. ಒಂದೇ ಹಾಡಿನಲ್ಲಿ ಒಬ್ಬೊಬ್ಬರ ಕಿವಿಗೆ ಏನೇನು ಬಿದ್ದಿದೆ ಎಂದು ನೋಡುವುದೂ ಈ ಪಾಠದ ಭಾಗವೇ.